ವೀರಗಲ್ಲಿನ ಮುಂದೆ ನಿಂತು ಸಾವಿನ ಪಾಠ ಮಾಡುವುದು ಹೇಗೆ? (ಹಾನಗಲ್, ಹಾವೇರಿ ಪ್ರವಾಸಕ್ಕೆ ಮುನ್ನ)

ಹಾವೇರಿ ಮಾಸ್ತರ ಕೇಳಿದ್ದು:

ಡಿಸೆಂಬರ್‌ನಲ್ಲಿ ಪದವಿ ಕನ್ನಡದ ವಿದ್ಯಾರ್ಥಿಗಳನ್ನು ಹಾನಗಲ್ಲಿನ ತಾರಕೇಶ್ವರ ಗುಡಿ ಮತ್ತು ಹಾವೇರಿಯ ಸಿದ್ಧೇಶ್ವರ ಗುಡಿಯ ಆವರಣದ ವೀರಗಲ್ಲು (ಹೋರಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕೆತ್ತನೆಯ ಕಲ್ಲು) ನೋಡಲು ಕರೆದುಕೊಂಡು ಹೋಗುವುದಿದೆ. ಪಾಠದ ವಿಷಯ ಕಲೆ ಮತ್ತು ಸಾವು. ಮನುಷ್ಯ ಸಾವನ್ನು ಹೇಗೆ ಕಾಣುತ್ತಾನೆ ಎಂಬುದರಲ್ಲಿ ಅವನು ನೋಡಿದ ಚಿತ್ರ, ಕೇಳಿದ ಹಾಡಿನ ಪಾಲು ಎಷ್ಟು ಎಂದು ಅವರು ಕಲ್ಲಿನ ಮುಂದೆಯೇ ನಿಂತು ಯೋಚಿಸಬೇಕು ಎಂಬುದು ಆಸೆ. "ಮೂರು ಹಂತ ಇದೆ, ಮೇಲೆ ಲಿಂಗ ಇದೆ" ಎಂದು ಬರೆದುಕೊಂಡು ಬಸ್ ಹತ್ತಿದರೆ ಸಾಲದು.

ಗೊತ್ತಿದ್ದವರು ಹೇಳಿ: ಕಲ್ಲನ್ನು ಎಲ್ಲಿಂದ ಓದಲು ಶುರು ಮಾಡಿಸಬೇಕು? ಮೊಬೈಲಿನಲ್ಲಿ ತೆಗೆದ ಫೋಟೊಗಳಲ್ಲಿ ಅಕ್ಷರವೂ ಕಾಣುವುದಿಲ್ಲ, ಮುಖವೂ ಕಾಣುವುದಿಲ್ಲ, ಅದಕ್ಕೇನು ಮಾಡಬೇಕು? ವಿದ್ಯಾರ್ಥಿಗಳ ಕೈಯಲ್ಲಿ ಪಡಿಯಚ್ಚು, ಅಂದರೆ ಕಲ್ಲಿನ ಬರಹದ ಕಾಗದದ ಅಚ್ಚು, ತೆಗೆಸಬಹುದೇ? ಎಲ್ಲಕ್ಕಿಂತ ಮುಖ್ಯವಾಗಿ, ಕಲ್ಲಿನಲ್ಲಿ ಕಂಡದ್ದನ್ನೇ ಆ ಕಾಲದ ಜನ ನಂಬಿದ್ದರು ಎಂದು ಹೇಳಿಬಿಡುವುದು ಸರಿಯೇ?

ಕಲ್ಬರಹ ಉತ್ತರ:

ಕೊನೆಯ ಪ್ರಶ್ನೆಯಿಂದಲೇ ಹೊರಡುತ್ತೇನೆ, ಏಕೆಂದರೆ ಉಳಿದ ಓದೆಲ್ಲ ಅದರ ಮೇಲೆ ನಿಂತಿದೆ. ವೀರಗಲ್ಲು ಸತ್ತವನ ನಂಬಿಕೆಯ ದಾಖಲೆ ಅಲ್ಲ. ಉಳಿದವರು ನಿಲ್ಲಿಸಿದ ಕಲ್ಲು ಅದು. ಅದನ್ನು ನೋಡುತ್ತ ಬೆಳೆದ ಹುಡುಗನಿಗೆ ಸಾವು ಹೀಗೆ ಕಾಣಲಿ ಎಂದು ಕಡೆಸಿದ್ದು. ಹಾಗಾಗಿ ವಿದ್ಯಾರ್ಥಿಗಳು ಪ್ರತಿ ಹಂತದಲ್ಲೂ "ಇದನ್ನು ಯಾರಿಗೆ ತೋರಿಸಲು ಕಡೆದರು?" ಎಂದು ಕೇಳುತ್ತ ಹೋಗಲಿ.

ಓದುವುದು ಕೆಳಗಿನಿಂದ ಮೇಲಕ್ಕೆ. ಪುಸ್ತಕ ಓದುವ ಅಭ್ಯಾಸದಿಂದ ಮೇಲಿನಿಂದ ಶುರು ಮಾಡುತ್ತಾರೆ, ಆಗ ಕಥೆಯೇ ತಲೆಕೆಳಗಾಗುತ್ತದೆ. ಸಾಮಾನ್ಯ ವೀರಗಲ್ಲಿನಲ್ಲಿ ಮೂರು ಹಂತ. ಎರಡೇ ಇರುವವೂ ಉಂಟು, ನಾಲ್ಕು, ಐದು ಇರುವವೂ ಉಂಟು. ಕೆಳಗಿನದರಲ್ಲಿ ಕಾಳಗ. ನಡುವಿನದರಲ್ಲಿ ದೇವಕನ್ಯೆಯರು ವೀರನನ್ನು ವಿಮಾನದಲ್ಲಿ ಕೂರಿಸಿಯೋ ತೋಳು ಹಿಡಿದೋ ಒಯ್ಯುತ್ತಾರೆ, ಅಕ್ಕಪಕ್ಕ ಚಾಮರ. ಮೇಲಿನದರಲ್ಲಿ ಶಿವಲಿಂಗ, ನಂದಿ, ಪೂಜೆ ಮಾಡುವ ಗೊರವ (ಶೈವ ಅರ್ಚಕ), ಪಕ್ಕದಲ್ಲಿ ಕೈಮುಗಿದು ಕುಳಿತ ವೀರ. ನೆತ್ತಿಯಲ್ಲಿ ಸೂರ್ಯ, ಚಂದ್ರ, ಅಂದರೆ ಅವೆರಡೂ ಇರುವತನಕ ಈ ಹೆಸರು ಇರಲಿ ಎಂದು. ಮೇಲಿನ ಹಂತದಲ್ಲಿ ಲಿಂಗದ ಬದಲು ಜಿನನಿದ್ದರೆ ವೀರ ಜೈನ. ಹಂತಗಳ ನಡುವಿನ ಪಟ್ಟಿಯಲ್ಲಿ ಬರಹ.

ಕೆಳಗಿನ ಹಂತದಲ್ಲಿ ಹೆಚ್ಚು ಹೊತ್ತು ನಿಲ್ಲಿಸಿ. ದನಗಳ ಸಾಲು ಕಂಡರೆ ತುರುಗೋಳ್, ಅಂದರೆ ಹೊಡೆದುಕೊಂಡು ಹೋದ ದನ ಬಿಡಿಸಲು ಹೋಗಿ ಸತ್ತವನು. ಹೆಣ್ಣಿನ ಮಾನ ಕಾಯಲು ಹೋದದ್ದು ಪೆಣ್ಬುಯ್ಯಲ್. ಊರಿಗೆ ಊರೇ ಹಾಳಾದ ದಾಳಿ ಊರಳಿವು. ಹಂದಿ, ಹುಲಿ ಇದ್ದರೆ ಬೇಟೆಯ ಸಾವು. ವೀರ ಯಾರು ಎಂದು ಗುರುತಿಸಲು ಗಾತ್ರ ನೋಡಿ: ಉಳಿದವರಿಗಿಂತ ದೊಡ್ಡವನಾಗಿ ಕಡೆದಿರುತ್ತಾರೆ. ತಲೆಯ ಮೇಲೆ ಕೊಡೆ ಇದ್ದರೆ ಅಂತಸ್ತಿನವನು, ಕುದುರೆ ಇದ್ದರೆ ಸಾಮಾನ್ಯ ಆಳಲ್ಲ. ಇನ್ನು ಬಗ್ಗಿಸಿದ ಗಳಕ್ಕೆ ಜುಟ್ಟು ಕಟ್ಟಿ ತಲೆ ಕೊಟ್ಟ ಸಿಡಿತಲೆಯ ಕಲ್ಲುಗಳು ಬೇರೆ ವರ್ಗ. ಅಲ್ಲಿ ಎದುರಾಳಿಯೇ ಇರುವುದಿಲ್ಲ, ಅವುಗಳನ್ನು ಯುದ್ಧದ ಕಲ್ಲಿನ ಜೊತೆ ಬೆರೆಸಬೇಡಿ.

ಈಗ ಮುಖ್ಯ ಮಾತು. ಕೆಳಗಿನ ಹಂತದಲ್ಲಿ ಗದ್ದಲ: ಈಟಿ, ಬಿಲ್ಲು, ಕಾಲಡಿ ಬಿದ್ದವರು. ನಡುವೆ ಬಂದರೆ ಆಳುಗಳ ಸಂಖ್ಯೆ ಇಳಿಯುತ್ತದೆ, ಮೈಗಳು ತೇಲುತ್ತವೆ. ಮೇಲೆ ಎಲ್ಲರೂ ಕುಳಿತಿದ್ದಾರೆ, ಅಲುಗಾಟವೇ ಇಲ್ಲ. ಕಣ್ಣು ಮೇಲೇರಿದಂತೆ ಉಸಿರು ನಿಧಾನವಾಗುವ ಹಾಗೆ ರೂವಾರಿ, ಅಂದರೆ ಕಲ್ಲು ಕಡೆದ ಶಿಲ್ಪಿ, ಜೋಡಿಸಿದ್ದಾನೆ. ಸಾವು ಎಂಬ ಕ್ಷಣಕ್ಕೆ ಪ್ರತ್ಯೇಕ ಹಂತವೇ ಇಲ್ಲ. ಕೆಳಗೆ ಹೋರಾಡುತ್ತಿದ್ದವನು ನಡುವೆ ಹೊರಟುಬಿಟ್ಟಿರುತ್ತಾನೆ, ಪ್ರಾಣ ಹೋಗಿದ್ದು ಎರಡು ಹಂತಗಳ ನಡುವಿನ ಪಟ್ಟಿಯಲ್ಲಿ, ಅಕ್ಷರಗಳಿರುವ ಜಾಗದಲ್ಲಿ. ನೂರಾರು ವರ್ಷ ಊರ ಬಾಗಿಲಲ್ಲಿ ಈ ಕ್ರಮವನ್ನೇ ನೋಡಿದ ಕಣ್ಣಿಗೆ ಸಾವು ಏರುವ ದಾರಿಯಾಗಿ ಕಂಡರೆ ಆಶ್ಚರ್ಯವಿಲ್ಲ.

ಇಲ್ಲದ್ದನ್ನೂ ಪಟ್ಟಿ ಮಾಡಿಸಿ. ಅಳುವವರು ಕಾಣುವುದು ತೀರ ಅಪರೂಪ. ತಾಯಿ ಇಲ್ಲ, ಮಕ್ಕಳಿಲ್ಲ, ಗಾಯಗೊಂಡು ನಾಲ್ಕು ದಿನ ನರಳಿ ಸತ್ತವನಿಲ್ಲ. ಬಹಳ ಕಡೆ ವೀರಗಲ್ಲಿನ ಶಾಸನಗಳಲ್ಲಿ ಈ ಶ್ಲೋಕ ಬರುತ್ತದೆ: "ಜಿತೇನ ಲಭ್ಯತೇ ಲಕ್ಷ್ಮೀಃ ಮೃತೇನಾಪಿ ಸುರಾಂಗನಾ, ಕ್ಷಣವಿಧ್ವಂಸಿನಿ ಕಾಯೇ ಕಾ ಚಿಂತಾ ಮರಣೇ ರಣೇ." ಗೆದ್ದರೆ ಸಿರಿ, ಸತ್ತರೆ ದೇವಕನ್ಯೆ, ಕ್ಷಣದಲ್ಲಿ ಅಳಿಯುವ ಮೈಗೆ ರಣದಲ್ಲಿ ಸಾಯುವ ಚಿಂತೆ ಯಾಕೆ ಎಂದು. ಇದನ್ನು ಓದಿಸಿದ ಕೂಡಲೇ ಕೊಡಗೆಯ, ಅಂದರೆ ದಾನದ ಸಾಲನ್ನೂ ಹುಡುಕಿಸಿ. ಸತ್ತವನ ಮನೆಯವರಿಗೆ ಬಿಟ್ಟ ಭೂಮಿ ನೆತ್ತರುಗೊಡಗೆ, ಕಲ್ನಾಡು ಎಂದೆಲ್ಲ ಬರುತ್ತದೆ. ಒಂದು ಕಡೆ ಸ್ವರ್ಗದ ಭರವಸೆ, ಇನ್ನೊಂದು ಕಡೆ ಹೆಂಡಿರು ಮಕ್ಕಳಿಗೆ ಹೊಲ. ದನ ಕಾಯಲು ಪ್ರಾಣ ಕೊಡುವ ಆಳು ಊರಿಗೆ ಮುಂದೆಯೂ ಬೇಕಲ್ಲ! ಎರಡನ್ನೂ ಒಟ್ಟಿಗೆ ಇಟ್ಟರೆ ಮಾತ್ರ ಈ ಕಲೆ ಮಾಡುವ ಕೆಲಸ ತಿಳಿಯುತ್ತದೆ.

ಹಾನಗಲ್ಲಿಗೆ ಹೋಗುವುದರಿಂದ ಇನ್ನೊಂದು. ಹೊಯ್ಸಳ ಇಮ್ಮಡಿ ಬಲ್ಲಾಳ 1196ರಲ್ಲಿ ಆನಿಕೆರೆಯ ಬಳಿ ಬೀಡು ಬಿಟ್ಟು ಹಾನಗಲ್ಲಿಗೆ ಮುತ್ತಿಗೆ ಹಾಕಿದ. ಹಾನಗಲ್ಲನ್ನು ಆಳುತ್ತಿದ್ದ ಕದಂಬ ಕಾಮದೇವನ ದಂಡನಾಯಕ ಸೋಹಣಿ ಆ ಕಾಳಗದಲ್ಲಿ ಸತ್ತ, ಆದರೆ ಆ ಸಲ ಹೊಯ್ಸಳರು ಹಿಂದೆ ಸರಿದರು. ಇದನ್ನು ಹೇಳುವುದು ಹಾನಗಲ್ಲಿನದೇ ಒಂದು ವೀರಗಲ್ಲು, ಅದರಲ್ಲಿ ಕಾಳಗದ ಚಿತ್ರವೂ ಬಲು ಜೋರಾಗಿದೆ. ಊರು ಉಳಿಯಿತು, ನಾಯಕ ಹೋದ. ಇಂಥಲ್ಲಿ ಕಲ್ಲು ನಷ್ಟವನ್ನು ಹೇಗೆ ಗೆಲುವಿನೊಳಗೆ ಕೂರಿಸುತ್ತದೆ ಎಂದು ಕೇಳಿ.

ಬರಹ ಓದುವಾಗ ಆಗುವ ದೊಡ್ಡ ತಪ್ಪು ಕಾಲದ ಲೆಕ್ಕದ್ದು. ಶಕವರ್ಷ ಇದ್ದರೆ 78 ಕೂಡಿಸಿ, ಪುಷ್ಯ, ಮಾಘ, ಫಾಲ್ಗುಣದ ತಿಥಿಗೆ ಹೆಚ್ಚಾಗಿ 79 ಆಗುತ್ತದೆ. ಆದರೆ ನಮ್ಮ ಭಾಗದಲ್ಲಿ ಚಾಲುಕ್ಯ ವಿಕ್ರಮ ವರ್ಷ (ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯ ಶುರು ಮಾಡಿದ ಎಣಿಕೆ) ಹೇರಳ. ಅದರ ಮೊದಲ ವರ್ಷ 1076, ಆದ್ದರಿಂದ ಕೂಡಿಸಬೇಕಾದದ್ದು 1075. "ವಿಕ್ರಮವರ್ಷದ 20ನೆಯ" ಎಂದಿದ್ದರೆ 1095. ಇದಕ್ಕೆ 78 ಕೂಡಿಸಿ ಒಂದನೇ ಶತಮಾನ ಎಂದು ಬರೆದ ವರದಿಗಳೂ ಬರುತ್ತವೆ. ಸಂವತ್ಸರದ ಹೆಸರನ್ನು ತಾಳೆ ನೋಡಿದರೆ ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ.

ಓರೆಬೆಳಕು ಉತ್ತರ:

ಫೋಟೊದ ಬಗ್ಗೆ. ಅಕ್ಷರ ಕಾಣದಿರುವುದಕ್ಕೆ ಮೊಬೈಲ್ ಕಾರಣವಲ್ಲ, ಬೆಳಕಿನ ದಿಕ್ಕು ಕಾರಣ. ಉಬ್ಬು ತಗ್ಗಿನ ಆಳ ಅರ್ಧ ಸೆಂಟಿಮೀಟರ್ ಇರುವ ಕಡೆ ಎದುರು ಬೆಳಕು ಬಿದ್ದರೆ ನೆರಳೇ ಹುಟ್ಟುವುದಿಲ್ಲ. ಬೆಳಕು ಕಲ್ಲಿನ ಮೈ ಸವರಿಕೊಂಡು, ಹತ್ತರಿಂದ ಇಪ್ಪತ್ತು ಡಿಗ್ರಿ ಓರೆಯಲ್ಲಿ ಬರಬೇಕು.

"ಬೆಳಿಗ್ಗೆ ಹೋಗಿ" ಎಂದು ಎಲ್ಲರಿಗೂ ಹೇಳುವ ಸಲಹೆ ಇಲ್ಲಿ ಕೆಡಿಸುತ್ತದೆ. ಮೂಡಣಕ್ಕೆ ಮುಖ ಮಾಡಿದ ಕಲ್ಲಿಗೆ ಬೆಳಗಿನ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತದೆ, ಎಲ್ಲ ಚಪ್ಪಟೆ. ಡಿಸೆಂಬರ್‌ನಲ್ಲಿ ನಮ್ಮ ಕಡೆ ನಡುಹಗಲು ಗಡಿಯಾರದಲ್ಲಿ ಸುಮಾರು ಹನ್ನೆರಡೂ ಇಪ್ಪತ್ತಕ್ಕೆ ಆಗುತ್ತದೆ, ಆಗ ಸೂರ್ಯ ತೆಂಕಣ ದಿಕ್ಕಿನಲ್ಲಿ ಸುಮಾರು 52 ಡಿಗ್ರಿ ಎತ್ತರದಲ್ಲಿರುತ್ತಾನೆ. ಹಾಗಾಗಿ ಮೂಡಣಮುಖದ ಕಲ್ಲಿಗೆ ಹನ್ನೊಂದರಿಂದ ಹನ್ನೆರಡರ ನಡುವೆ ಎಡಮೇಲಿನಿಂದ ಓರೆ ಬಿಸಿಲು, ಪಡುವಣಮುಖದ್ದಕ್ಕೆ ಒಂದರಿಂದ ಎರಡರ ನಡುವೆ ಬಲಮೇಲಿನಿಂದ. ಈ ಬೆಳಕು ಮೂಲೆಯಿಂದ ಬರುವುದರಿಂದ ಅಡ್ಡಗೆರೆ, ಉದ್ದಗೆರೆ ಎರಡೂ ಏಳುತ್ತವೆ. ತೆಂಕಣಮುಖದ ಕಲ್ಲಿಗೆ ಈ ತಿಂಗಳಲ್ಲಿ ತೀರ ಓರೆ ಬಿಸಿಲು ಸಿಗುವುದಿಲ್ಲ, ಹೊತ್ತು ಹುಟ್ಟಿದ ಮೊದಲ ಗಂಟೆ ಅಥವಾ ಮುಳುಗುವ ಮುಂಚಿನ ಗಂಟೆ ಇದ್ದುದರಲ್ಲಿ ವಾಸಿ. ಬಡಗಣಮುಖದ್ದಕ್ಕೆ ಡಿಸೆಂಬರ್‌ನಲ್ಲಿ ನೇರ ಬಿಸಿಲೇ ಇಲ್ಲ. ಮೊದಲೇ ಒಬ್ಬರು ಹೋಗಿ ಮೊಬೈಲಿನ ದಿಕ್ಸೂಚಿಯಲ್ಲಿ ಪ್ರತಿ ಕಲ್ಲಿನ ಮುಖ ಬರೆದುಕೊಂಡು ಬಂದರೆ ದಿನದ ಕ್ರಮ ತಾನೇ ಕೂಡುತ್ತದೆ.

ಬಿಸಿಲು ಸಿಗದ ಕಲ್ಲಿಗೆ ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರದ ಕನ್ನಡಿ ತನ್ನಿ. ಬಿಸಿಲಿನಲ್ಲಿ ಒಬ್ಬ ಅದನ್ನು ಹಿಡಿದು, ಕಲ್ಲಿನ ಅಂಚಿನಿಂದ ಐದಾರು ಅಡಿ ಬದಿಯಲ್ಲಿ ನಿಂತು ಬೆಳಕನ್ನು ಮೈಮೇಲೆ ಸವರಲಿ. ಇಲ್ಲವೇ ಕರಿ ಬಟ್ಟೆ, ಕೊಡೆಯಿಂದ ನೆರಳು ಮಾಡಿ ಎಲ್‌ಇಡಿ ಟಾರ್ಚನ್ನು ಕಲ್ಲಿಗೆ ತಾಗಿದಂತೆ ಬದಿಯಿಂದ ಹಿಡಿಯಿರಿ. ಎಡದಿಂದ ಒಂದು, ಮೇಲಿನಿಂದ ಒಂದು, ಬಲದಿಂದ ಒಂದು. ಮೂರೂ ಬೇಕು: ಎಡದ ಬೆಳಕಿನಲ್ಲಿ ಅಕ್ಷರದ ಅಡ್ಡಗೆರೆ ಮಾಯವಾಗುತ್ತದೆ, ಮೇಲಿನ ಬೆಳಕಿನಲ್ಲಿ ಉದ್ದಗೆರೆ ಮಾಯವಾಗುತ್ತದೆ. ಒಂದೇ ಫೋಟೊ ನಂಬಿ ಓದಿದವರು ಕೊಂಬು, ಇಳಿಗಳನ್ನು ಕಳೆದುಕೊಳ್ಳುತ್ತಾರೆ.

ಮೊಬೈಲಿನಲ್ಲಿ ಫ್ಲಾಶ್ ಆರಿಸಿ. ಎಚ್‌ಡಿಆರ್ ಕೂಡ ಆರಿಸಿ, ಅದು ನೆರಳನ್ನು ತುಂಬಿ ತಿಳಿಮಾಡುತ್ತದೆ, ನಮಗೆ ಬೇಕಾದದ್ದು ಆ ನೆರಳೇ. ಬೆರಳೊತ್ತಿ ಫೋಕಸ್ ಲಾಕ್ ಮಾಡಿ, ಬೆಳಕನ್ನು ಒಂದು ಗೀಟು ಇಳಿಸಿ. ಆರಡಿ ಕಲ್ಲಿಗೆ ಹತ್ತಿರ ನಿಂತು ಮೇಲಕ್ಕೆ ಎತ್ತಿ ತೆಗೆದರೆ ಮೇಲಿನ ಹಂತ ಕುಗ್ಗಿ ಕಿರಿದಾಗುತ್ತದೆ. ಹಿಂದೆ ಸರಿದು, ಕಲ್ಲಿನ ನಡುಮಟ್ಟಕ್ಕೆ ಮೊಬೈಲ್ ಇಳಿಸಿ, ಎರಡು ಪಟ್ಟು ಜೂಮ್ ಹಾಕಿ. ಮೊದಲು ಇಡೀ ಕಲ್ಲು, ಆಮೇಲೆ ಕೆಳಗಿನಿಂದ ಒಂದೊಂದೇ ಹಂತ, ಆಮೇಲೆ ಬರಹದ ಪಟ್ಟಿ ತುಂಡು ತುಂಡಾಗಿ, ಪ್ರತಿ ತುಂಡೂ ಹಿಂದಿನದರ ಮೂರನೇ ಒಂದು ಭಾಗ ಹೊದ್ದಿರಲಿ. ಹತ್ತು ಸೆಂಟಿಮೀಟರ್ ಅಳತೆಪಟ್ಟಿ ಪಕ್ಕದಲ್ಲಿ ಇಡಿ, ಕಲ್ಲಿಗೆ ಅಂಟಿಸಬೇಡಿ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡಿ: ಅದೇ ಮೇಲಿನ ಹಂತವನ್ನು ಎದುರು ಬೆಳಕಿನಲ್ಲೂ ಓರೆ ಬೆಳಕಿನಲ್ಲೂ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿ. ಮೊದಲಿನದರಲ್ಲಿ ವೀರನ ಮುಖ ಬರೀ ದುಂಡನೆಯ ಗುರುತು. ಎರಡನೆಯದರಲ್ಲಿ ಅರೆಮುಚ್ಚಿದ ಕಣ್ಣು, ಎದೆಯ ಮುಂದೆ ಜೋಡಿಸಿದ ಬೆರಳು ಏಳುತ್ತವೆ. ಗುಡಿಯ ಮುಂದಿನ ದೀಪದ ಬೆಳಕು ಹೀಗೇ ಬದಿಯಿಂದ ಬೀಳುವಂಥದ್ದು. ಊರವರು ನೋಡಿದ ಕಲ್ಲು ಯಾವುದು ಎಂಬುದು ಆಗ ಹೊಳೆಯುತ್ತದೆ.

ಪಡಿಯಚ್ಚು ಉತ್ತರ:

ವಿದ್ಯಾರ್ಥಿಗಳ ಕೈಯಲ್ಲಿ ಮೂಲ ಕಲ್ಲಿನ ಪಡಿಯಚ್ಚು ತೆಗೆಸಬೇಡಿ. ತಾರಕೇಶ್ವರ ಗುಡಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ, ಅಲ್ಲಿ ಲಿಖಿತ ಅನುಮತಿ ಇಲ್ಲದೆ ಕಲ್ಲಿಗೆ ಕಾಗದ ತಾಗಿಸುವಂತಿಲ್ಲ. ಇಲಾಖೆಯ ವೃತ್ತ ಕಚೇರಿ ಧಾರವಾಡದಲ್ಲೇ ಇದೆ. ರಕ್ಷಣೆ ಇಲ್ಲದ ಊರ ಕಲ್ಲಾದರೂ ಪಂಚಾಯಿತಿ ಮತ್ತು ಪೂಜೆ ಮಾಡುವವರ ಒಪ್ಪಿಗೆ ಬೇಕು.

ಕಾಲೇಜಿನಲ್ಲೇ ಕಲಿಸಬಹುದು. ಎರಡು ಅಡಿಯ ಕಡಪ ಕಲ್ಲಿನ ಮೇಲೆ ನಾಲ್ಕೈದು ಹಳಗನ್ನಡ ಅಕ್ಷರ ಕೊರೆಸಿ. ಕಲ್ಲಿಗಿಂತ ಎಲ್ಲ ಬದಿಗೂ ಎರಡು ಇಂಚು ದೊಡ್ಡದಾದ, ತೆಳುವಾದ, ಉದ್ದ ನಾರಿನ ಕಾಗದ ತಗೊಳ್ಳಿ. ಕಲ್ಲನ್ನು ಮೆತ್ತನೆ ಬ್ರಷ್ಷಿನಿಂದ ನೀರು ಹಾಕಿ ತೊಳೆದು, ಒದ್ದೆ ಕಾಗದ ಹೊದಿಸಿ, ನಡುವಿನಿಂದ ಅಂಚಿಗೆ ಗಾಳಿ ಹೊರಗೆ ಹೋಗುವ ಹಾಗೆ ಬ್ರಷ್ಷಿನಿಂದ ಬಡಿಯುತ್ತ ಹೋಗಿ. ಅಂಚಿನಿಂದ ಶುರು ಮಾಡಿದರೆ ನಡುವೆ ಗುಳ್ಳೆ ಏಳುತ್ತದೆ, ಅಲ್ಲಿ ಅಕ್ಷರ ಮೂಡುವುದಿಲ್ಲ. ಕಾಗದದ ಹೊಳಪು ಇಳಿದು ಮಂಕಾಗುವತನಕ ಕಾಯಬೇಕು. ಅವಸರಪಟ್ಟು ಹಸಿ ಇದ್ದಾಗಲೇ ಮಸಿ ಹಚ್ಚಿದರೆ ಹರಡಿ ಕಲ್ಲಿಗೆ ಇಳಿಯುತ್ತದೆ, ಪೂರ್ತಿ ಒಣಗಿದರೆ ಕಾಗದ ಎದ್ದುಬರುತ್ತದೆ. ಗಾಳಿ, ಬಿಸಿಲಿನಲ್ಲಿ ಆ ಸರಿಯಾದ ಹದ ಇರುವುದು ಕೆಲವೇ ನಿಮಿಷ. ಮಸಿಯನ್ನು ನೇರ ಕಾಗದಕ್ಕೆ ಹಾಕುವುದಲ್ಲ: ಬಟ್ಟೆಯಲ್ಲಿ ಹತ್ತಿ ಕಟ್ಟಿದ ಉಂಡೆಯನ್ನು ಮೊದಲು ಹಲಗೆಯ ಮೇಲೆ ತಟ್ಟಿ, ಹೆಚ್ಚಿನದು ಬಿಟ್ಟ ಮೇಲೆ ಕಾಗದದ ಮೇಲೆ ಹಗುರಾಗಿ ಮೂರು ನಾಲ್ಕು ಸುತ್ತು ತಟ್ಟಬೇಕು. ಕರಿ ನೆಲದಲ್ಲಿ ಬಿಳಿ ಅಕ್ಷರ, ನೇರವಾಗಿಯೇ ಬರುತ್ತದೆ.

ಸ್ಥಳದಲ್ಲಿ ಮಾಡಬಾರದ್ದು: ಅಕ್ಷರ ಕಾಣಲಿ ಎಂದು ಸುಣ್ಣದ ಕಡ್ಡಿ ತುಂಬುವುದು. ಓದಿದವನ ಊಹೆಯೇ ಕಲ್ಲಿನ ಅಕ್ಷರವಾಗಿ ಕೂತುಬಿಡುತ್ತದೆ, ಮುಂದೆ ಬಂದವರೂ ಅದನ್ನೇ ಓದುತ್ತಾರೆ. ಎಣ್ಣೆ ಹಚ್ಚಿದರೆ ಫೋಟೊದಲ್ಲಿ ಕಪ್ಪಗೆ ಚಂದ ಕಾಣುತ್ತದೆ, ಆಮೇಲೆ ಧೂಳು ಹಿಡಿದು ಜಿಡ್ಡಿನ ಪದರ ಕಟ್ಟುತ್ತದೆ. ತಂತಿ ಬ್ರಷ್, ಸೋಪಿನ ಪುಡಿ, ಆಸಿಡ್ ಹತ್ತಿರವೂ ತರಬೇಡಿ. ನಮ್ಮ ಭಾಗದ ಅನೇಕ ಕಲ್ಲುಗಳು ಪದರ ಪದರದ ಶಿಸ್ಟ್ ಜಾತಿಯವು. ಮೇಲೆ ಆಯಿಲ್ ಪೇಂಟ್ ಬಳಿದು ಬುಡಕ್ಕೆ ಸಿಮೆಂಟ್ ಹಾಕಿದಾಗ ನೆಲದ ತೇವ ಹೊರಗೆ ಹೋಗಲು ದಾರಿ ಇಲ್ಲದೆ, ಉಪ್ಪು ಒಳಗೇ ಹರಳುಗಟ್ಟಿ, ಬಣ್ಣದ ಜೊತೆ ಕಲ್ಲಿನ ಮೈಯೂ ಹಪ್ಪಳದಂತೆ ಏಳುತ್ತದೆ. ಮೊದಲು ಹೋಗುವುದು ಕೆಳಗಿನ ಹಂತ, ಯಾಕೆಂದರೆ ತೇವ ಏರುವುದು ಅಲ್ಲಿಂದ. ಕಾಳಗ ಅಳಿದು ಸ್ವರ್ಗ ಮಾತ್ರ ಉಳಿದ ಕಲ್ಲು ಕಂಡರೆ ಅದು ರೂವಾರಿಯ ಆಯ್ಕೆ ಎಂದು ವಿದ್ಯಾರ್ಥಿಗಳು ಬರೆಯದಂತೆ ನೋಡಿಕೊಳ್ಳಿ. ನೆಲದಲ್ಲಿ ಹೂತುಹೋದ ಕಲ್ಲಿನಲ್ಲೂ ಹೀಗೇ, ಎರಡೇ ಹಂತ ಕಾಣುತ್ತಿದ್ದರೆ ಮೊದಲು ಬುಡ ನೋಡಿ.

ಗದಗಿನಕಿ ಉತ್ತರ:

ವೀರಗಲ್ಲಿನ ಜೊತೆ ನಿಸಿದಿ ಮತ್ತು ಮಾಸ್ತಿಗಲ್ಲನ್ನೂ (ಸತಿ ಹೋದವಳ ನೆನಪಿನ ಕಲ್ಲು) ಇಟ್ಟರೆ ಪಾಠ ಗಟ್ಟಿಯಾಗುತ್ತದೆ. ಒಂದೇ ನೆಲದಲ್ಲಿ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಮೂರು ಬಗೆಯ ಸಾವಿಗೆ ಮೂರು ಬಗೆಯ ಚಿತ್ರ.

ನಿಸಿದಿ ಜೈನರದು, ಅನ್ನ ನೀರು ಹಂತ ಹಂತವಾಗಿ ಬಿಟ್ಟು ಸಲ್ಲೇಖನದಿಂದ ಮುಡಿಪಿದವರ, ಅಂದರೆ ಪ್ರಾಣ ಬಿಟ್ಟವರ ನೆನಪಿಗೆ. ಅಲ್ಲಿ ಕಾಳಗದ ಹಂತವೇ ಇಲ್ಲ. ಗುರುವಿನ ಮುಂದೆ ಕುಳಿತ ಶಿಷ್ಯ ಅಥವಾ ಶ್ರಾವಕಿ, ನಡುವೆ ಗ್ರಂಥ ಇಡುವ ವ್ಯಾಸಪೀಠ, ಮೇಲೆ ಜಿನ. "ಸನ್ಯಸನವಿಧಿಯಿಂ ಮುಡಿಪಿ", "ಸಮಾಧಿವಿಧಿಯಿಂ" ಎಂಬ ಮಾತು ಬರಹದಲ್ಲಿ ಸಿಕ್ಕರೆ ಖಾತ್ರಿ. ಸಾವಿಗೆ ಮುಂಚಿನ ದಿನಗಳೇ ಇಲ್ಲಿ ಚಿತ್ರದ ವಿಷಯ. ವೀರಗಲ್ಲಿನಲ್ಲಿ ಒಂದೇಟಿಗೆ ಮುಗಿಯುವುದನ್ನು ಇಲ್ಲಿ ನಿಧಾನವಾಗಿ, ಎಚ್ಚರದಿಂದ, ಓದುತ್ತ ಕೇಳುತ್ತ ದಾಟುತ್ತಾರೆ. ಸ್ಮಾರಕ ಕಲ್ಲುಗಳನ್ನೂ ಜೈನರ ಸಾವಿನ ವಿಧಿಗಳನ್ನೂ ಆಳವಾಗಿ ಅಭ್ಯಾಸ ಮಾಡಿದ ಷ. ಶೆಟ್ಟರ್ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಪ್ರಾಧ್ಯಾಪಕರಾಗಿದ್ದರು, ಅವರ ಬರಹ ಅಲ್ಲಿನ ಗ್ರಂಥಾಲಯದಲ್ಲಿ ಸುಲಭವಾಗಿ ಸಿಗುತ್ತದೆ.

ಮಾಸ್ತಿಗಲ್ಲಿನಲ್ಲಿ ಕಂಬದಿಂದ ಹೊರಟು ಮೊಣಕೈ ಬಾಗಿ ಮೇಲೆತ್ತಿದ ಬಲಗೈ, ಅದರ ತುಂಬ ಬಳೆ, ಕೆಲವೊಮ್ಮೆ ಬೆರಳುಗಳ ನಡುವೆ ನಿಂಬೆಹಣ್ಣು. ಬಳೆ ಒಡೆಯದ ಕೈ, ಅಂದರೆ ವಿಧವೆಯಾಗದೆ ಹೋದವಳು ಎಂಬುದು ಅದರ ಹೇಳಿಕೆ. ಇಲ್ಲಿ ಮೈ ಇಲ್ಲ, ಬೆಂಕಿ ಇಲ್ಲ, ನೋವು ಇಲ್ಲ, ಒಂದು ಹೆಂಗಸನ್ನು ಒಂದು ಕೈಗೆ ಇಳಿಸಿದ್ದಾರೆ. ಕಲೆ ಸಾವನ್ನು ಸಹ್ಯ ಮಾಡುವುದರ ಅಪಾಯ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಹೂವು ಏರಿಸುವುದು, ಕಾಯಿ ಒಡೆಯುವುದು, ಕೈಮುಗಿದು ಫೋಟೊ ತೆಗೆಸಿಕೊಳ್ಳುವುದು ಪ್ರವಾಸದಲ್ಲಿ ಬೇಡ. ಸತಿಯ ವೈಭವೀಕರಣ 1987ರ ಕಾಯ್ದೆಯ ಪ್ರಕಾರ ಅಪರಾಧ ಎಂಬುದನ್ನು ಮೊದಲೇ ಹೇಳಿ.

ಇನ್ನೊಂದು ದಿನ ಸಿಕ್ಕರೆ ಗದಗಿಗೆ ಹೊಂದಿದ ಬೆಟಗೇರಿಯ ವೀರಗಲ್ಲುಗಳನ್ನು ನೋಡಿಕೊಂಡು, ಹನ್ನೆರಡು ಕಿಲೋಮೀಟರಿನ ಲಕ್ಕುಂಡಿಗೆ ಹೋಗಿ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯ ನೋಡಿದ ಮೇಲೆ ನಿಸಿದಿಯ ಹಿಂದಿನ ಲೋಕ ಅರ್ಥವಾಗುತ್ತದೆ.

ಕುಂದಗೋಳ ಭಜನಿ ಉತ್ತರ:

ಮ್ಯಾಲಿನವರು ಹೇಳಿದ್ದೆಲ್ಲಾ ಖರೆ ಐತ್ರಿ, ಆದ್ರ ಬರೀ ಕಲ್ಲು ತೋರಿಸಿ ಬಿಟ್ರ ಹುಡುಗರು ಅರ್ಧಾ ಅಷ್ಟ ತಿಳ್ಕೊಂಡಂಗ ಆಗತೈತಿ. ಕಲ್ಲು ನಿಂತಿದ್ದು ಕೆಲವರಿಗೆ. ಉಳದ ಸಾವಿರಾರು ಮಂದಿಗೆ ಸಿಕ್ಕಿದ್ದು ಹಾಡು. ನಮ್ಮ ಕಡೆ ಇವತ್ತಿಗೂ ಮನ್ಯಾಗ ಸಾವಾತು ಅಂದ್ರ ಮಂದಿ ಮೊದಲು ಕೇಳೂದು ಭಜನಿ ಮೇಳಕ್ಕ ಹೇಳಿಕಳಸೀರೇನು ಅಂತ.

ಲಿಂಗಾಯತರ ಮನ್ಯಾಗ ತೀರಿಹೋದವರನ್ನ ಕುಂದ್ರಸಿ, ಹಣಿಗೆ ವಿಭೂತಿ ಹಚ್ಚಿ, ಹೂವು ಹಾಕಿ, ಮುಂದ ದೀಪ ಇಡ್ತಾರ. ಮೇಳದವರು ಎದರಿಗೆ ಕುಂದರ್ತಾರ. ತಾಳ, ಹಾರ್ಮೋನಿಯಂ, ತಬಲಾ ಇಲ್ಲಾ ಡೊಳಕಿ, ಹಳೇ ಮೇಳ ಇದ್ರ ಏಕತಾರಿ, ದಮಡಿ. ಮೊದಲು ಗುರುಸ್ತುತಿ, ಆಮ್ಯಾಲ ವಚನ, ರಾತ್ರಿ ಏರಿದಂಗ ತತ್ವಪದ. ತತ್ವಪದದಾಗ ಮೈ ಅನ್ನೂದು ಸೋರೂ ಮನಿ, ಹರಿಯೂ ಸೀರಿ, ನೂಲು ತೀರೂ ಮಗ್ಗ. ಶಿಶುನಾಳ ಷರೀಫರು (1819-1889) ನಮ್ಮ ಹಾವೇರಿ ಸೀಮಿಯವರ, ಅವರ ಗುರು ಗೋವಿಂದಭಟ್ಟರು ಕಳಸದವರು. ಈ ನೆಲದ ಮಂದಿ ಸಾವಿನ ಬಗ್ಗೆ ಮಾತಾಡೂ ರೀತಿ ಅರ್ಧಾ ಅಲ್ಲಿಂದ ಬಂದೈತಿ. ವೀರಗಲ್ಲಿನಾಗ ಸತ್ತವ "ಅವ". ತತ್ವಪದದಾಗ ಸಾಯಾವ "ನಾನು", ಕೇಳಾವ "ನೀನು". ಕುಂತ ಕೇಳಾವಂಗ ತನ್ನ ಸಾವಿನ ಮಾತು ಆಗತೈತಿ.

ಮುಂಜಾನೆ ಬಿದಿರು, ಬಾಳಿದಿಂಡು, ಹೂವಿನಿಂದ ವಿಮಾನ ಕಟ್ಟಿ, ಅದರಾಗ ಕುಂದ್ರಿಸಿಕೊಂಡ ಹೊತಗೊಂಡು ಹೋಗ್ತಾರ. ಭಾರ ತಡೀಬೇಕಂದ್ರ ಕೆಳಗಿನ ಎರಡು ಗಳ ಹಸಿ ಬಿದಿರಿನದ ಇರಬೇಕು, ಒಣಗಿದ್ದು ನಡುದಾರ್ಯಾಗ ಸೀಳತೈತಿ. ಬಾಳಿದಿಂಡು ಬರೀ ಅಲಂಕಾರಕ್ಕ, ಅದರ ಮ್ಯಾಲ ಭಾರ ಬಿಡಬಾರದು. ಹಿಂದ ಆನಿಕೆ ಕೊಟ್ಟು ಬೆನ್ನು, ಕುತಿಗಿ ಶಾಲಿನಿಂದ ಬಿಗೀಬೇಕು, ಇಲ್ಲಂದ್ರ ತಿರುವಿನಾಗ ವಾಲತೈತಿ. ಕಲ್ಲಿನ ನಡುವಿನ ಹಂತ ನೋಡಿದ ಹುಡುಗರಿಗೆ ಇದನ್ನ ಹೇಳ್ರಿ. ಅದ ಚಿತ್ರ ಇವತ್ತಿಗೂ ಓಣ್ಯಾಗ ನಡದಾಡತೈತಿ, ಮತ್ತ ಇಲ್ಲಿ ಕುಂದರಾಕ ಕಾಳಗದಾಗ ಸಾಯಬೇಕಂತ ಇಲ್ಲ, ಎಂಬತ್ತು ವರ್ಷದ ಮುದುಕಿಗೂ ಹಕ್ಕು ಐತಿ.

ಇನ್ನ ಅಳೂದು. ಕಲ್ಲಿನಾಗ ಅಳುವವರಿಲ್ಲ ಅಂದ್ರಲ್ಲ, ಅಳುವವರನ್ನ ನೋಡಬೇಕಂದ್ರ ಮೊಹರಂ ಪದ ಕೇಳ್ರಿ. ಧಾರವಾಡ, ಗದಗ, ಹಾವೇರಿ ಹಳ್ಳ್ಯಾಗ ರಿವಾಯತ್, ಕರ್ಬಲಾ ಪದ ಕನ್ನಡದಾಗ ಹಾಡ್ತಾರ, ಮೇಳದಾಗ ಹಿಂದೂ ಮುಸ್ಲಿಂ ಇಬ್ಬರೂ ಇರ್ತಾರ. ಪೈಗಂಬರರ ಮೊಮ್ಮಗ ಹುಸೇನರು ತೀರಿದ ಕರ್ಬಲಾದ ಕಾಳಗ ಆಗಿದ್ದು 680ರಾಗ, ಆದ್ರ ಪದದಾಗ ಕಾಳಗಕ್ಕಿಂತ ನೀರಡಿಕಿ ದೊಡ್ಡದು. ನೀರಿಲ್ಲದ ಕೂಸು, ಬಾಗಲ ಕಾಯೂ ತಾಯಿ, ಮರಳಿ ಬಂದ ಬರೀ ಕುದುರಿ. ಸತ್ತ ವೀರ ಎಲ್ಲಿ ಹೋದ ಅನ್ನೂದಕ್ಕಿಂತ ಉಳದವರು ಹೆಂಗ ಉಳದ್ರು ಅನ್ನೂದ ಪದದ ಜೀವಾಳ. ಅದ ಊರು, ಅದ ಹೊಲ, ಒಂದು ಕಲೆ ಅಳು ಬಿಟ್ಟು ಸಾವು ತೋರಸ್ತು, ಇನ್ನೊಂದು ಕಲೆ ಅಳುವಿನಿಂದನ ಸಾವು ಕಟ್ತು. ನನ್ನ ಮಟ್ಟಿಗೆ ಎರಡೂ ಬೇಕು.

ಸಾವಿನ ಮನ್ಯಾಗ ಹುಡುಗರನ್ನ ರೆಕಾರ್ಡ್ ಮಾಡಾಕ ಕಳಸಬ್ಯಾಡ್ರಿ. ಮೇಳದವರು ಸೋಮವಾರ ಇಲ್ಲಾ ಅಮಾಸಿಗೆ ಗುಡ್ಯಾಗ ಕೂಡ್ತಾರ, ಅವತ್ತ ಕೇಳ್ರಿ, ಹೇಳಿ ಕೊಡ್ತಾರ. ಮೈಕ್ ಹಾರ್ಮೋನಿಯಂ ಹತ್ರ ಇಟ್ರ ಹಾಡಿನ ಮಾತು ಮುಚ್ಚಿ ಹೋಗತೈತಿ. ಮುಂದ ಹಾಡಾವನಿಂದ ಎರಡಡಿ ದೂರ, ಎದಿಮಟ್ಟಕ್ಕ ಇಡ್ರಿ. ಮತ್ತ ಹಿಂದ ಹೇಳುವವರ ದನಿನೂ ಬರಬೇಕು, ಯಾಕಂದ್ರ ದುಃಖದ ಮನ್ಯಾಗ ಆಸರಾ ಕೊಡೂದು ಆ ಹಿಂದಿನ ದನಿ.

ಹಾವೇರಿ ಮಾಸ್ತರ:

ಇಷ್ಟು ಸಿಗುತ್ತದೆ ಎಂದುಕೊಂಡಿರಲಿಲ್ಲ, ಎಲ್ಲರಿಗೂ ಕೃತಜ್ಞತೆ. ದಿಕ್ಸೂಚಿಯ ಸಲಹೆಯ ಮೇಲೆ ಕಲ್ಲುಗಳ ಕ್ರಮ ಬದಲಿಸುತ್ತೇನೆ. ಎರಡು ಸಂಶಯ ಉಳಿದಿವೆ. ವಿದ್ಯಾರ್ಥಿಗಳ ಸ್ವಂತ ಕಲ್ಪನೆ ಬದಲಾಗಿದೆಯೇ ಎಂದು ತಿಳಿಯಲು ಪ್ರಶ್ನಾವಳಿ ಕೊಡಬೇಕೇ? ಇತ್ತೀಚೆಗೆ ಮನೆಯಲ್ಲಿ ಸಾವು ಕಂಡ ವಿದ್ಯಾರ್ಥಿಗಳಿದ್ದರೆ ಏನು ಮಾಡಬೇಕು?

ಗದಗಿನಕಿ ಉತ್ತರ:

ಪ್ರಶ್ನಾವಳಿ ಬೇಡ. "ಸಾವೆಂದರೆ ನಿಮಗೇನನ್ನಿಸುತ್ತದೆ" ಎಂದು ಕೇಳಿದರೆ ಎಲ್ಲರೂ ಪರೀಕ್ಷೆಯ ಉತ್ತರ ಬರೆಯುತ್ತಾರೆ. ಅದರ ಬದಲು ಪ್ರವಾಸಕ್ಕೆ ಒಂದು ವಾರ ಮುಂಚೆ ಎ4 ಹಾಳೆಯಲ್ಲಿ ಮೂರು ಖಾಲಿ ಹಂತದ ಚೌಕಟ್ಟು ಕೊಡಿ. ಪತ್ರಿಕೆಯಲ್ಲಿ ಓದಿದ ಯಾರಾದರೊಬ್ಬರ ಸಾವು ಆರಿಸಿಕೊಂಡು ಮೂರು ಹಂತ ತುಂಬಲಿ, ಚಿತ್ರ ಬರದವರು ಪದದಲ್ಲಿ ಬರೆಯಲಿ. ಮನೆಯವರ ಸಾವು ಬೇಡ ಎಂದು ಸ್ಪಷ್ಟವಾಗಿ ಹೇಳಿ. ಇದಕ್ಕೆ ಮುಂಚೆ ಒಂದೇ ಒಂದು ವೀರಗಲ್ಲಿನ ಫೋಟೊ ತೋರಿಸಬೇಡಿ, ತೋರಿಸಿದರೆ ಮೇಲಿನ ಚೌಕದಲ್ಲಿ ಎಲ್ಲರದ್ದೂ ಲಿಂಗವೇ ಬರುತ್ತದೆ. ಪ್ರವಾಸ ಮತ್ತು ಹಾಡು ಎರಡೂ ಆದ ಮೇಲೆ ಅದೇ ಸಾವಿಗೆ ಇನ್ನೊಂದು ಹಾಳೆ ಕೊಡಿ. ಎರಡನ್ನೂ ಪಕ್ಕಕ್ಕಿಟ್ಟು ನೋಡುವಾಗ ಯಾರು ಹೊಸದಾಗಿ ಬಂದರು, ಯಾರು ಬಿಟ್ಟುಹೋದರು, ಮೇಲಿನ ಚೌಕ ಖಾಲಿ ಉಳಿಯಿತೇ, ಅಷ್ಟನ್ನು ಮಾತ್ರ ಕೇಳಿ. ಅಂಕ ಕೊಡಬೇಡಿ.

ಮನೆಯಲ್ಲಿ ಸಾವು ಕಂಡವರಿಗೆ ವಿಷಯವನ್ನು ಮೊದಲೇ ಒಬ್ಬೊಬ್ಬರಿಗೆ ಹೇಳಿ, ಎಲ್ಲರ ಮುಂದೆ ಅಲ್ಲ. ಬರುವುದಾದರೆ ಅವರಿಗೆ ಫೋಟೊ ಅಥವಾ ಅಳತೆಯ ಕೆಲಸ ಕೊಡಿ. ಕೈಗೆ ಕೆಲಸವಿದ್ದರೆ ನಿಲ್ಲಬಹುದು, ಬೇಡವೆನಿಸಿದಾಗ ಆಚೆ ಹೋಗುವುದೂ ಸುಲಭ. ಮಾಸ್ತಿಗಲ್ಲಿನ ಹತ್ತಿರ ಮತ್ತು ಹಾಡಿನ ಹೊತ್ತಿನಲ್ಲಿ ಒಬ್ಬ ಅಧ್ಯಾಪಕರು ಹಿಂದಿನ ಸಾಲಿನಲ್ಲಿ ಇರಲಿ.

ಕಲ್ಬರಹ ಉತ್ತರ:

ಒಂದು ಸೇರಿಸುತ್ತೇನೆ. ಹಾನಗಲ್ಲಿನ ಶಾಸನಗಳ ಪ್ರಕಟಿತ ಪಾಠ ದಕ್ಷಿಣ ಭಾರತದ ಶಾಸನಗಳ ಮಾಲೆಯ ಬೊಂಬಾಯಿ ಕರ್ನಾಟಕ ಸಂಪುಟಗಳಲ್ಲಿ (11, 15, 18, 20) ಹುಡುಕಿ, ಇಲ್ಲದಿದ್ದರೆ 1939ರಲ್ಲಿ ಶುರುವಾದ ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಯಲ್ಲಿ ಕೇಳಿ. ಅದರ ನೆರಳಚ್ಚನ್ನು ಬಸ್ಸಿನಲ್ಲಿ ಹಂಚಬೇಡಿ. ವಿದ್ಯಾರ್ಥಿಗಳು ತಾವೇ ಕಲ್ಲಿನ ಮೇಲೆ ಒಂದು ಸಾಲಾದರೂ ಓದಿ, ತಪ್ಪೋ ಸರಿಯೋ ಬರೆದುಕೊಂಡ ಮೇಲೆ ಕೊಡಿ. ಕೊಡುವಾಗ ಕೊಡಗೆಯ ಸಾಲಿಗೆ ಪೆನ್ಸಿಲಿನಿಂದ ಗೆರೆ ಎಳೆದಿರಲಿ, ಉದ್ದ ಬಿರುದಾವಳಿಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ.